ಹಳೆಯ ಸಾಲ, ಹೊಸ ಸಮವಸ್ತ್ರ: ಅಮೆರಿಕದ ಸೇನೆಯ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಹಣಕಾಸಿನ ತೊಡಕು ಅಡ್ಡ ಬಂದಾಗ

"ಅಂಕಲ್, ಕಾಲೇಜಲ್ಲಿದ್ದಾಗ ಒಂದು ಕ್ರೆಡಿಟ್ ಕಾರ್ಡ್ ಸಾಲ ಕಟ್ಟದೆ ವಸೂಲಿ ಏಜೆನ್ಸಿಯವರ ಕೈಗೆ, ಅಂದ್ರೆ ಕಲೆಕ್ಷನ್‌ಗೆ ಹೋಗಿತ್ತು. ಆಮೇಲೆ ಅಪ್ಪ ಕಟ್ಟಿಬಿಟ್ರು. ಅದನ್ನೂ ಬರೀಬೇಕಾ?"

ಅಮೆರಿಕದಲ್ಲಿ ಹುಟ್ಟಿ ಬೆಳೆದು, ಅಲ್ಲಿನ ಸೇನೆಗೋ ರಕ್ಷಣಾ ಇಲಾಖೆಗೆ ಗುತ್ತಿಗೆ ಕೆಲಸ ಮಾಡುವ ಕಂಪನಿಗೋ ಸೇರಲು ಹೊರಟ ನಮ್ಮವರ ಮಕ್ಕಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ. ಸೆಕ್ಯುರಿಟಿ ಕ್ಲಿಯರೆನ್ಸ್ ಅಂದರೆ ದೇಶದ ಗುಟ್ಟಿನ ಮಾಹಿತಿ ನೋಡಲು ಸರ್ಕಾರ ಕೊಡುವ ಅನುಮತಿ. ಅದರ ಅರ್ಜಿಯಲ್ಲಿ ಹಳೆಯ ಸಾಲವನ್ನೂ ಬರೆಯಬೇಕೇ ಎಂಬುದು ಅವರ ಅನುಮಾನ. ಬರೀಬೇಕು ಕಣಪ್ಪಾ, ಏಳು ವರ್ಷದೊಳಗಿನದ್ದಾದರೆ ಖಂಡಿತ ಬರೀಬೇಕು ಅನ್ನುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಸಾಲದ ಸುದ್ದಿ ಮನೆಯ ಹೊಸಿಲು ದಾಟಬಾರದು ಎಂದು ಬೆಳೆದವರು ನಾವು. ಬಂಧುಗಳೆದುರು ಮಾನ ಉಳಿಸಿಕೊಳ್ಳಲು ಕಲಿತ ಆ ಅಭ್ಯಾಸವೇ ಇಲ್ಲಿ ಕುತ್ತಿಗೆಗೆ ಬರುತ್ತದೆ. ಸಾಲವಿದ್ದೂ ಕ್ಲಿಯರೆನ್ಸ್ ಪಡೆದವರು ಎಷ್ಟೋ ಜನರಿದ್ದಾರೆ. ಮುಚ್ಚಿಟ್ಟು ಸಿಕ್ಕಿಬಿದ್ದವರ ದಾರಿ ಮಾತ್ರ ಬಲು ಕಠಿಣ.

ನಾನು ವಕೀಲನಲ್ಲ. ಆ ಉದ್ದನೆಯ ಅರ್ಜಿಯನ್ನು ಸ್ವತಃ ತುಂಬಿದವನು, ಆಮೇಲೆ ಹಲವು ಹುಡುಗ ಹುಡುಗಿಯರ ಪಕ್ಕ ಕೂತು ತುಂಬಿಸಿದವನು. ತಿಳಿದಿರುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಸರ್ಕಾರಕ್ಕೆ ನಿಮ್ಮ ಸಾಲದ ಉಸಾಬರಿ ಯಾಕೆ

ಜಾನ್ ವಾಕರ್ ಎಂಬಾತ ಅಮೆರಿಕದ ನೌಕಾಪಡೆಯ ವಾರಂಟ್ ಅಧಿಕಾರಿ. ದಕ್ಷಿಣ ಕೆರೊಲಿನಾದಲ್ಲಿ ಬಾರ್ ತೆರೆದು ಕೈಸುಟ್ಟುಕೊಂಡಿದ್ದ. 1960ರ ದಶಕದ ಕೊನೆಯಲ್ಲಿ ಸೋವಿಯತ್ ರಾಯಭಾರ ಕಚೇರಿಗೆ ತಾನಾಗಿಯೇ ಹೋಗಿ ಗುಪ್ತ ಸಂಕೇತಗಳನ್ನು ಮಾರತೊಡಗಿದ. 1985ರಲ್ಲಿ ಬಂಧನವಾಗುವವರೆಗೂ ಅದು ನಡೆಯಿತು. ಅದೇ 1985ರಲ್ಲಿ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್, ವಿಚ್ಛೇದನದ ಖರ್ಚು ಮತ್ತು ಸಾಲದ ಒತ್ತಡದಲ್ಲಿ ಮೊದಲ ಕಂತಾಗಿ 50,000 ಡಾಲರ್ ಪಡೆದು ದೇಶದ ಗುಟ್ಟು ಮಾರಿದ. ಅವನು ಸಿಕ್ಕಿಬಿದ್ದದ್ದು 1994ರಲ್ಲಿ. ಸಾಲಗಾರನನ್ನು ಪರಕೀಯರು ಸುಲಭವಾಗಿ ಕೊಳ್ಳಬಹುದು ಎಂಬ ಭಯ ಇಂಥ ಪ್ರಕರಣಗಳಿಂದ ಬಂದದ್ದು.

ಈಗ ಎಲ್ಲ ಇಲಾಖೆಗಳೂ ಪಾಲಿಸುವ ನಿಯಮಾವಳಿಯ ಹೆಸರು ಸೀಡ್-4. 2017ರ ಜೂನ್ 8ರಿಂದ ಜಾರಿಯಲ್ಲಿದೆ. ಅದರಲ್ಲಿ ಎ ಇಂದ ಎಂ ವರೆಗೆ 13 ಮಾರ್ಗಸೂಚಿಗಳಿವೆ. ಹಣಕಾಸಿನದ್ದು ಎಫ್. ಪುಟಗಟ್ಟಲೆ ಓದುವ ಪುರುಸೊತ್ತಿಲ್ಲದಿದ್ದರೂ ಮಾರ್ಗಸೂಚಿ ಎಫ್ ಅನ್ನು ಪೂರ್ತಿ ಓದಿ, ಎರಡು ಪುಟವೂ ಆಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚದವನಿಗೆ ಸಂಯಮ, ವಿವೇಕ ಮತ್ತು ನಿಯಮ ಪಾಲಿಸುವ ಮನಸ್ಸು ಕಡಿಮೆ ಇರಬಹುದು ಎಂಬುದು ಅದರ ಮೂಲ ಆತಂಕ.

ಇಂತಿಷ್ಟು ಡಾಲರ್ ಸಾಲವಿದ್ದರೆ ತಿರಸ್ಕಾರ ಎಂಬ ಗೆರೆ ಅದರಲ್ಲಿ ಎಲ್ಲೂ ಇಲ್ಲ. ಕನಿಷ್ಠ ಕ್ರೆಡಿಟ್ ಸ್ಕೋರ್ ಕೂಡ ಇಲ್ಲ. ಯಾರಾದರೂ ಅಂಥ ಅಂಕಿ ಹೇಳಿದರೆ ನಂಬಬೇಡಿ. ದಿವಾಳಿ ಅರ್ಜಿ ಹಾಕಿದ್ದವರಿಗೂ ಕ್ಲಿಯರೆನ್ಸ್ ಸಿಕ್ಕಿದೆ, ಕೆಲವೇ ಸಾವಿರದ ಬಾಕಿಗೆ ಬೆನ್ನು ಹಾಕಿ ಕೂತವರಿಗೆ ತಪ್ಪಿದೆ.

ಮೊದಲ ಹೆಜ್ಜೆ: ಪೌರತ್ವ ನೋಡಿಕೊಳ್ಳಿ

ಇದನ್ನು ಬೇಗ ಮುಗಿಸುತ್ತೇನೆ. ಗ್ರೀನ್ ಕಾರ್ಡ್ ಇದ್ದವರು ಸೇನೆಗೆ ಸೈನಿಕರಾಗಿ ಸೇರಬಹುದು, ಆದರೆ ಸೆಕ್ಯುರಿಟಿ ಕ್ಲಿಯರೆನ್ಸ್ ಪಡೆಯಲು ಅಮೆರಿಕದ ಪ್ರಜೆಯಾಗಿರಬೇಕು. ಸೇವೆಯ ಮೂಲಕ ಪೌರತ್ವ ಪಡೆಯುವ ದಾರಿ ಇದೆ. ಆಮೇಲೆ ಕ್ಲಿಯರೆನ್ಸ್ ಬೇಕಾದ ಹುದ್ದೆಗೆ ಪ್ರಯತ್ನಿಸಬಹುದು. ಹುಟ್ಟು ಪ್ರಜೆಗಳಿಗೂ ಆಮೇಲೆ ಪ್ರಜೆಯಾದವರಿಗೂ ಒಂದೇ ನಿಯಮ.

ಎರಡನೇ ಹೆಜ್ಜೆ: ಅವರಿಗಿಂತ ಮೊದಲು ನೀವು ನಿಮ್ಮ ಕ್ರೆಡಿಟ್ ರಿಪೋರ್ಟ್ ನೋಡಿ

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಇವು ಪ್ರತಿಯೊಬ್ಬರ ಸಾಲ, ಕಂತುಗಳ ಲೆಕ್ಕ ಇಡುವ ಸಂಸ್ಥೆಗಳು. ಮೂರರಿಂದಲೂ ರಿಪೋರ್ಟ್ ತೆಗೆಯಿರಿ. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಜಾಲತಾಣದಲ್ಲಿ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಮೂರೂ ಬೇಕು, ಏಕೆಂದರೆ ಒಂದರಲ್ಲಿ ಇರುವ ಬಾಕಿ ಇನ್ನೊಂದರಲ್ಲಿ ಕಾಣದೇ ಇರಬಹುದು. ಅರ್ಜಿಗೆ ಕೈ ಹಾಕುವ ಆರು ತಿಂಗಳ ಮೊದಲೇ ಇದನ್ನು ಮಾಡಿದರೆ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ.

ನಂತರ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಪ್ರತಿ ಬಾಕಿಗೂ ಒಂದೊಂದು ಸಾಲು: ಯಾರಿಗೆ ಕೊಡಬೇಕು, ಈಗ ಅದು ಯಾರ ಕೈಯಲ್ಲಿದೆ, ಎಷ್ಟು, ಯಾವಾಗಿನಿಂದ ಕಟ್ಟಿಲ್ಲ, ಯಾಕೆ ಕಟ್ಟಲಿಲ್ಲ, ಈಗ ಏನಾಗಿದೆ. ಕಾರ್ಡಿನ ಒಂದೇ ಸಾಲ ಬ್ಯಾಂಕಿನ ಹೆಸರಲ್ಲೂ ಅದನ್ನು ಕೊಂಡ ಕಲೆಕ್ಷನ್ ಏಜೆನ್ಸಿಯ ಹೆಸರಲ್ಲೂ ಎರಡು ಕಡೆ ಕಾಣಬಹುದು. ಖಾತೆ ಸಂಖ್ಯೆ ಹೋಲಿಸಿ ನೋಡಿ. ನಿಮ್ಮದಲ್ಲದ ಸಾಲ ಕಂಡರೆ ಆ ರಿಪೋರ್ಟ್ ಕೊಟ್ಟ ಸಂಸ್ಥೆಗೆ ಲಿಖಿತವಾಗಿ ಆಕ್ಷೇಪಣೆ ಹಾಕಿ, ಪ್ರತಿ ಇಟ್ಟುಕೊಳ್ಳಿ. "ಅದು ನನ್ನದಲ್ಲ" ಎಂಬ ಬಾಯಿಮಾತಿಗೆ ಇಲ್ಲಿ ಕಿಮ್ಮತ್ತಿಲ್ಲ, ದಾಖಲೆ ಇರಬೇಕು.

ಎರಡು ತಪ್ಪು ಕಲ್ಪನೆಗಳನ್ನು ಇಲ್ಲೇ ಬಿಡಿಸಬೇಕು. ಬ್ಯಾಂಕ್ 'ಚಾರ್ಜ್ ಆಫ್' ಎಂದು ಬರೆದುಕೊಂಡರೆ ಸಾಲ ಮನ್ನಾ ಆಯಿತು ಎಂದು ಅನೇಕರು ತಿಳಿಯುತ್ತಾರೆ. ಅದು ಬ್ಯಾಂಕಿನ ಲೆಕ್ಕಪುಸ್ತಕದ ಮಾತು, ನೀವು ಇನ್ನೂ ಕೊಡಬೇಕು. ಹಾಗೆಯೇ, ಸಾಮಾನ್ಯವಾಗಿ ಏಳು ವರ್ಷವಾದ ಮೇಲೆ ಹಳೆಯ ಬಾಕಿ ರಿಪೋರ್ಟಿನಿಂದ ಉದುರಿಹೋಗುತ್ತದೆ, ಚಾಪ್ಟರ್ 7 ಎಂಬ ಬಗೆಯ ದಿವಾಳಿಯಾದರೆ ಹತ್ತು ವರ್ಷ. ಉದುರಿದೊಡನೆ ಋಣ ತೀರಿತು ಎಂದಲ್ಲ. ದಾವೆ ಹೂಡುವ ಕಾಲಮಿತಿ ಮುಗಿಯಲಿ ಎಂದು ಕಾದು ಕೂತದ್ದನ್ನು ಪ್ರಾಮಾಣಿಕ ಪ್ರಯತ್ನವೆಂದು ಕ್ಲಿಯರೆನ್ಸ್ ಪ್ರಕರಣಗಳ ಮೇಲ್ಮನವಿ ಮಂಡಳಿ ಒಪ್ಪುವುದಿಲ್ಲ.

ಮೂರನೇ ಹೆಜ್ಜೆ: ತೆರಿಗೆ, ಮೊಟ್ಟಮೊದಲು ತೆರಿಗೆ

ಆಸ್ಪತ್ರೆಯ ಬಿಲ್ಲು ಬಾಕಿ ಇರುವುದಕ್ಕೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸದೇ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ಬಿಲ್ಲು ಕಟ್ಟಲು ದುಡ್ಡು ಬೇಕು, ರಿಟರ್ನ್ ಸಲ್ಲಿಸಲು ಬೇಕಾಗಿಲ್ಲ. ಗುಟ್ಟು ಕಾಪಾಡುವ ನಿಯಮವನ್ನು ಇವನು ಪಾಲಿಸುತ್ತಾನೋ ಎಂದು ನೋಡುವವರಿಗೆ, ಎಲ್ಲ ಪ್ರಜೆಗಳಿಗೂ ಇರುವ ಸರಳ ನಿಯಮವನ್ನೇ ಇವನು ಪಾಲಿಸಲಿಲ್ಲ ಎಂಬುದು ಎದ್ದು ಕಾಣುತ್ತದೆ. ಬಿಟ್ಟುಹೋದ ವರ್ಷಗಳಿದ್ದರೆ ಈಗಲೇ ಸಲ್ಲಿಸಿ. ಒಟ್ಟಿಗೆ ಕಟ್ಟಲಾಗದಿದ್ದರೆ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಜತೆ ಕಂತಿನ ಒಪ್ಪಂದ ಮಾಡಿಕೊಂಡು ತಪ್ಪದೆ ಕಟ್ಟಿ. ಹೀಗೆ ಒಪ್ಪಂದ ಮಾಡಿಕೊಂಡು ಪಾಲಿಸುತ್ತಿರುವುದನ್ನು ಮಾರ್ಗಸೂಚಿ ಎಫ್ ಒಂದು ಸಮಾಧಾನದ ಅಂಶವಾಗಿ ಬರೆದೇ ಇಟ್ಟಿದೆ. ಐಆರ್‌ಎಸ್‌ನಿಂದ ನಿಮ್ಮ ತೆರಿಗೆ ದಾಖಲೆಯ ಅಧಿಕೃತ ಪ್ರತಿಯಾದ ಟ್ರಾನ್ಸ್‌ಕ್ರಿಪ್ಟ್ ಉಚಿತವಾಗಿ ತೆಗೆದು ಕಡತಕ್ಕೆ ಸೇರಿಸಿ. ರಾಜ್ಯದ ತೆರಿಗೆಯನ್ನೂ ಮರೆಯಬೇಡಿ.

ಕನ್ನಡಿಗರು ಇಲ್ಲಿ ಎಡವುವುದು ಊರಿನ ಬ್ಯಾಂಕ್ ಖಾತೆಗಳ ವಿಷಯದಲ್ಲಿ. ಅಪ್ಪ ನಿಮ್ಮ ಹೆಸರನ್ನೂ ಸೇರಿಸಿ ತೆರೆದ ಎಫ್‌ಡಿ, ಹಳೆಯ ಎಸ್‌ಬಿ ಖಾತೆ, ಎನ್‌ಆರ್‌ಇ, ಎನ್‌ಆರ್‌ಒ ಎಲ್ಲ ಸೇರಿ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ವಿದೇಶಿ ಖಾತೆಗಳ ವರದಿಯಾದ ಎಫ್‌ಬಾರ್ ಸಲ್ಲಿಸಬೇಕು. ಊರಿನ ಬಡ್ಡಿಯೂ ಅಮೆರಿಕದ ರಿಟರ್ನಿನಲ್ಲಿ ಬರಬೇಕು. ವರ್ಷಗಟ್ಟಲೆ ಬಿಟ್ಟುಹೋಗಿದ್ದರೆ ಅರ್ಜಿಗೆ ಮೊದಲು ಇದನ್ನು ಬಲ್ಲ ತೆರಿಗೆ ಸಲಹೆಗಾರರನ್ನು ಕಾಣಿ. ಇದೊಂದಕ್ಕೆ ದುಡ್ಡು ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ ಎನ್ನುತ್ತೇನೆ.

ನಾಲ್ಕನೇ ಹೆಜ್ಜೆ: ಸಾಲಕ್ಕೆ ಮುಖ ಕೊಡಿ

ಎಲ್ಲ ಸಾಲವನ್ನೂ ತೀರಿಸಿದ ಮೇಲೆಯೇ ಅರ್ಜಿ ಹಾಕಬೇಕೆಂದಿಲ್ಲ. ಮೇಲ್ಮನವಿ ಮಂಡಳಿ ತನ್ನ ತೀರ್ಪುಗಳಲ್ಲಿ ಇದನ್ನು ಮತ್ತೆ ಮತ್ತೆ ಹೇಳಿದೆ: ತೀರಿಸುವ ಒಂದು ಒಪ್ಪತಕ್ಕ ಯೋಜನೆ ಇರಬೇಕು, ಆ ಯೋಜನೆಯಂತೆ ನಡೆದ ಗುರುತು ಇರಬೇಕು. ಒಂದೊಂದಾಗಿ ತೀರಿಸುತ್ತಾ ಹೋದರೂ ಸಾಕು.

ಹಾಗಾಗಿ ಯೋಜನೆಯನ್ನು ಬರೆದಿಡಿ. ತಿಂಗಳ ಸಂಬಳ, ಬಾಡಿಗೆ, ದಿನಸಿ, ಕಾರಿನ ಕಂತು, ಊರಿಗೆ ಕಳಿಸುವುದು, ಉಳಿಯುವುದು. ಆ ಉಳಿಕೆಯಲ್ಲಿ ಯಾರಿಗೆ ಎಷ್ಟು. ಮೊದಲು ತೆರಿಗೆ ಮತ್ತು ಸರ್ಕಾರಿ ವಿದ್ಯಾರ್ಥಿ ಸಾಲವನ್ನು ಹದಕ್ಕೆ ತನ್ನಿ. ಆಮೇಲೆ ಸಣ್ಣಪುಟ್ಟ ಬಾಕಿಗಳನ್ನು ಪೂರ್ತಿ ಮುಗಿಸಿ. ನಾಲ್ಕು ಸಾಲು ಅಳಿಸಿದಾಗ ಹಾಳೆಯೂ ಹಗುರ, ಮನಸ್ಸೂ ಹಗುರ. ದೊಡ್ಡದಕ್ಕೆ ಸಾಲ ಕೊಟ್ಟವರ ಜತೆ ಮಾತಾಡಿ ಕಂತು ಗೊತ್ತುಮಾಡಿ, ಒಪ್ಪಂದವನ್ನು ಕಾಗದದಲ್ಲಿ ಪಡೆದೇ ಮೊದಲ ಕಂತು ಕಟ್ಟಿ. ಕಟ್ಟಲು ಆಗುವಷ್ಟೇ ಒಪ್ಪಿಕೊಳ್ಳಿ. ತಿಂಗಳಿಗೆ 300 ಡಾಲರ್ ಎಂದು ಮಾತು ಕೊಟ್ಟು ಎರಡೇ ತಿಂಗಳಿಗೆ ಕೈಬಿಡುವುದಕ್ಕಿಂತ 75 ಡಾಲರ್‌ನಂತೆ ಒಂದು ವರ್ಷ ತಪ್ಪದೆ ಕಟ್ಟಿದವನ ಕಡತ ಗಟ್ಟಿ.

ಕಡಿಮೆಗೆ ಚುಕ್ತಾ ಮಾಡಿಕೊಂಡರೆ ತಪ್ಪೇನಿಲ್ಲ. ಆದರೆ ಬಿಟ್ಟುಕೊಟ್ಟ ಮೊತ್ತಕ್ಕೆ 1099-ಸಿ ಎಂಬ ನಮೂನೆ ಬರಬಹುದು, ಅದು ಆದಾಯವೆಂದು ತೆರಿಗೆಗೆ ಸೇರಬಹುದು. ಅದನ್ನು ಮರೆತು ತೆರಿಗೆಯಲ್ಲಿ ಹೊಸ ಗೋಜಲು ಮಾಡಿಕೊಳ್ಳಬೇಡಿ. ಮುಂಗಡ ಶುಲ್ಕ ಕೇಳುವ, "ಸಾಲ ಕೊಟ್ಟವರಿಗೆ ಈಗ ಕಟ್ಟುವುದು ನಿಲ್ಲಿಸಿ" ಎನ್ನುವ ಲಾಭಕೋರ ಸೆಟಲ್‌ಮೆಂಟ್ ಕಂಪನಿಗಳಿಂದ ದೂರವಿರಿ. ಲಾಭದ ಉದ್ದೇಶವಿಲ್ಲದ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಯ ಸಲಹೆಯನ್ನು ಮಾರ್ಗಸೂಚಿಯೇ ಹೆಸರಿಸಿ ಮೆಚ್ಚುತ್ತದೆ. ಆಗಲೇ ಸೇನೆಯಲ್ಲಿದ್ದರೆ ಮಿಲಿಟರಿ ಒನ್‌ಸೋರ್ಸ್ ಮೂಲಕ ಹಣಕಾಸು ಸಲಹೆ ಉಚಿತ. ಸೇವೆಗೆ ಸೇರುವ ಮೊದಲು ಮಾಡಿದ ಸಾಲದ ಬಡ್ಡಿಯನ್ನು ಶೇ. 6ಕ್ಕೆ ಇಳಿಸಿಕೊಳ್ಳುವ ಹಕ್ಕೂ ಸೈನಿಕರಿಗೆ ಕಾನೂನಿನಲ್ಲಿದೆ. ಲಿಖಿತವಾಗಿ ಕೇಳಬೇಕು, ತಾನಾಗಿ ಸಿಗುವುದಿಲ್ಲ. ಎಷ್ಟೋ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ ಎಂಬುದು ನನ್ನ ನೋವು.

ಅಪ್ಪ ಅಮ್ಮ ಕಟ್ಟಿಕೊಟ್ಟರೆ? ಬಾಕಿ ತೀರಿತು, ಒಳ್ಳೆಯದೇ. ಆದರೆ ಅಧಿಕಾರಿ ನೋಡಬಯಸುವುದು ನಿಮ್ಮ ನಡತೆಯನ್ನು. ಅಪ್ಪನಿಗೆ ಕಂತಿನಲ್ಲಿ ಹಿಂದಿರುಗಿಸುತ್ತಿದ್ದರೆ ಬ್ಯಾಂಕ್ ಮೂಲಕವೇ ಹಿಂದಿರುಗಿಸಿ, ಗುರುತು ಉಳಿಯಲಿ. ಸ್ನೇಹಿತರ ಕೈಸಾಲಕ್ಕೂ ಇದೇ ಮಾತು.

ಐದನೇ ಹೆಜ್ಜೆ: ಯಾಕಾಯಿತು ಎಂಬುದಕ್ಕೆ ಕಾಗದ ಕೂಡಿಸಿ

ಕೆಲಸ ಹೋಗುವುದು, ವ್ಯಾಪಾರ ಕುಸಿಯುವುದು, ಅನಿರೀಕ್ಷಿತ ಕಾಯಿಲೆ, ಸಾವು, ವಿಚ್ಛೇದನ, ಸುಲಿಗೆ ಬಡ್ಡಿಯವರ ಬಲೆ, ಗುರುತಿನ ಕಳವು. ಇವು ಕೈಮೀರಿದ ಕಾರಣಗಳೆಂದು ಮಾರ್ಗಸೂಚಿ ಒಪ್ಪುತ್ತದೆ. ಅದರ ಮುಂದೆಯೇ ಇನ್ನೊಂದು ಷರತ್ತು: ಆ ಕಷ್ಟದಲ್ಲಿ ನೀವು ಜವಾಬ್ದಾರಿಯಿಂದ ನಡೆದಿರಬೇಕು. ಹೆಚ್ಚಿನವರು ಕಷ್ಟವನ್ನು ಚೆನ್ನಾಗಿ ವಿವರಿಸುತ್ತಾರೆ, ಆಗ ತಾವು ಏನು ಮಾಡಿದೆವು ಎಂಬಲ್ಲಿಗೆ ಬಂದಾಗ ಮಾತು ನಿಲ್ಲುತ್ತದೆ.

ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಊರಲ್ಲಿ ತಾಯಿಗೆ ಹೃದಯದ ಶಸ್ತ್ರಚಿಕಿತ್ಸೆ. ಮಗಳು ಇಲ್ಲಿಂದ ಎರಡು ಕಾರ್ಡ್ ಉಜ್ಜಿ ದುಡ್ಡು ಕಳಿಸಿದಳು. ಮುಂದಿನ ವರ್ಷ ಅವಳ ಕೆಲಸವೂ ಹೋಗಿ ಕಾರ್ಡ್‌ಗಳು ಕಲೆಕ್ಷನ್‌ಗೆ ಹೋದವು. ಇದು ಸೋಮಾರಿತನದ ಸಾಲವಲ್ಲ. ಆದರೆ ತನಿಖಾಧಿಕಾರಿಗೆ ಅದು ಕಾಣುವುದು ಹೇಗೆ? ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಬಿಲ್ಲು, ಹಣ ಕಳಿಸಿದ ರಸೀದಿ, ಕೆಲಸದಿಂದ ತೆಗೆದ ಪತ್ರ, ಆ ದಿನಗಳಲ್ಲಿ ಕಾರ್ಡ್ ಕಂಪನಿಗೆ ಬರೆದ ಇಮೇಲ್, ಹೊಸ ಕೆಲಸ ಸಿಕ್ಕ ತಿಂಗಳಿನಿಂದ ಕಟ್ಟಿದ ಕಂತುಗಳು. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಜೋಡಿಸಿ. ತಾರೀಖಿನ ಕ್ರಮದಲ್ಲಿ ಒಂದು ಫೈಲು ಮಾಡಿದರೆ ಕಥೆ ತಾನೇ ಹೇಳಿಕೊಳ್ಳುತ್ತದೆ.

ತಂಗಿಯ ಮದುವೆಗೆಂದು ತಲೆ ಮೇಲೆ ಸಾಲ ಹೊತ್ತುಕೊಂಡದ್ದು ಈ ಪಟ್ಟಿಯಲ್ಲಿ ಬರುವುದಿಲ್ಲ. ನಮಗೆ ಅದು ಕರ್ತವ್ಯ, ಅವರ ಕಣ್ಣಿಗೆ ಅದು ಆಯ್ಕೆ. ಹಾಗೆಂದು ಹೇಳದೆ ಇರಬೇಡಿ. ನಡೆದದ್ದನ್ನು ಹೇಳಿ, ಈಗ ಎಷ್ಟು ತೀರಿದೆ ಎಂದು ತೋರಿಸಿ, ಮತ್ತೆ ಅಂಥ ಖರ್ಚು ಬಂದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಇಟ್ಟುಕೊಂಡಿರಿ.

ಆರನೇ ಹೆಜ್ಜೆ: ಎಸ್‌ಎಫ್-86 ತುಂಬುವಾಗ

ಕ್ಲಿಯರೆನ್ಸ್ ಕೋರುವ, ನೂರು ಪುಟಗಳಿಗೂ ಮೀರಿದ ಅರ್ಜಿ ಇದು, ಈಗ ಕಂಪ್ಯೂಟರಿನಲ್ಲಿ ಇ-ಆ್ಯಪ್ ಮೂಲಕ ತುಂಬುತ್ತಾರೆ. ಹಣಕಾಸಿನ ಪ್ರಶ್ನೆಗಳು 26ನೇ ವಿಭಾಗದಲ್ಲಿವೆ. ದಿವಾಳಿ, ತೆರಿಗೆ, ಕೋರ್ಟ್ ತೀರ್ಪು, ಸಂಬಳ ಜಪ್ತಿ, ಕಾರು ಎಳೆದೊಯ್ದದ್ದು, ಬಾಡಿಗೆ ಮನೆಯಿಂದ ಹೊರಹಾಕಿದ್ದು, ಕಲೆಕ್ಷನ್, ಚಾರ್ಜ್ ಆಫ್, 120 ದಿನ ಮೀರಿದ ಬಾಕಿ. ಇವುಗಳಿಗೆ ಹೆಚ್ಚಾಗಿ ಹಿಂದಿನ ಏಳು ವರ್ಷದ ಲೆಕ್ಕ. ಜೂಜಿನಿಂದ ಹಣಕಾಸಿನ ತೊಂದರೆ ಆಗಿತ್ತೇ ಎಂಬುದಕ್ಕೆ ಮಾತ್ರ ವರ್ಷದ ಮಿತಿ ಇಲ್ಲ, ಯಾವತ್ತಾದರೂ ಎಂದೇ ಕೇಳುತ್ತಾರೆ. ತೀರಿಸಿದ ಸಾಲವನ್ನೂ ಬರೆಯಬೇಕು. ಬೇರೆಯವರಿಗೆ ಜಾಮೀನು ನಿಂತ ಸಾಲವನ್ನೂ ಬರೆಯಬೇಕು. ರೂಮ್‌ಮೇಟ್ ಕಾರಿಗೆ ಸಹಿ ಹಾಕಿಕೊಟ್ಟು ಮರೆತವರು ಎಚ್ಚರ.

ಪ್ರತಿ ಬಾಕಿಗೂ ಟಿಪ್ಪಣಿ ಬರೆಯಲು ಜಾಗವಿದೆ, ಅದನ್ನು ಖಾಲಿ ಬಿಡಬೇಡಿ. ಅಳುವ ದನಿಯೂ ಬೇಡ, ವಾದವೂ ಬೇಡ. ಇಂಥ ತಿಂಗಳು ಕೆಲಸ ಹೋಯಿತು, ಇಂಥ ತಿಂಗಳಿಂದ ಕಂತು ಕಟ್ಟುತ್ತಿದ್ದೇನೆ, ಇಷ್ಟು ಉಳಿದಿದೆ. ಮೂರು ವಾಕ್ಯ ಸಾಕು.

20ನೇ ವಿಭಾಗವನ್ನು ನಮ್ಮವರು ಎರಡು ಸಲ ಓದಬೇಕು. ವಿದೇಶದಲ್ಲಿ ನಿಮಗೆ ಅಥವಾ ನಿಮ್ಮ ಗಂಡನಿಗೆ, ಹೆಂಡತಿಗೆ ಇರುವ ಖಾತೆ, ಷೇರು, ಆಸ್ತಿ ಎಲ್ಲವನ್ನೂ ಕೇಳುತ್ತಾರೆ. ಮೈಸೂರಿನ ಸೈಟು, ತೋಟದಲ್ಲಿನ ಪಾಲು ಇಲ್ಲಿ ಬರುತ್ತವೆ. ವಿದೇಶೀ ಪ್ರಜೆಗೆ ಹಣದ ನೆರವು ಕೊಟ್ಟಿದ್ದೀರಾ ಎಂಬ ಪ್ರಶ್ನೆಯೂ ಇದೆ. ಊರಿನ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವುದು ಅದಕ್ಕೇ ಸೇರುತ್ತದೆ. ಹೆತ್ತವರಿಗೆ ದುಡ್ಡು ಕಳಿಸುವುದು ದೋಷವಲ್ಲ. ಬರೆಯದೇ ಬಿಟ್ಟರೆ ದೋಷ.

ಬೇಕೆಂದೇ ಸುಳ್ಳು ಬರೆದರೆ ಮಾರ್ಗಸೂಚಿ ಎಫ್‌ನ ಪ್ರಕರಣಕ್ಕೆ ವೈಯಕ್ತಿಕ ನಡತೆಯ ಮಾರ್ಗಸೂಚಿ ಇ ಕೂಡ ಸೇರಿಕೊಳ್ಳುತ್ತದೆ. ಫೆಡರಲ್ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ನೇಮಕಾತಿ ಮಾಡುವವರು ಯಾರಾದರೂ "ಅದೆಲ್ಲ ಬರೀಬೇಡ, ಸುಮ್ಮನೆ ತಡ ಆಗುತ್ತೆ" ಅಂದರೆ ಕೇಳಬೇಡಿ. ಸಹಿ ನಿಮ್ಮದು.

ಏಳನೇ ಹೆಜ್ಜೆ: ತನಿಖೆ ಮತ್ತು ಮಾತುಕತೆ

ಸೇನೆಯ ಕ್ಲಿಯರೆನ್ಸ್‌ಗಳ ತನಿಖೆ ಮತ್ತು ತೀರ್ಮಾನ ನೋಡಿಕೊಳ್ಳುವುದು ಡಿಸಿಎಸ್‌ಎ ಎಂಬ ಸಂಸ್ಥೆ. ತನಿಖಾಧಿಕಾರಿ ಮಾತಿಗೆ ಕರೆದರೆ ನಿಮ್ಮ ಫೈಲು ಒಯ್ಯಿರಿ. ಅವರು ತೀರ್ಪು ಕೊಡುವವರಲ್ಲ, ಬರೆದುಕೊಂಡು ಹೋಗುವವರು. ಅರ್ಜಿಯಲ್ಲಿ ಏನಾದರೂ ಮರೆತಿದ್ದರೆ ಅವರು ಎತ್ತುವ ಮೊದಲು ನೀವೇ ಹೇಳಿ. ತಾನಾಗಿ ತಿದ್ದಿಕೊಂಡದ್ದಕ್ಕೆ ಬೆಲೆ ಇದೆ, ಸಾಕ್ಷಿ ಮುಂದಿಟ್ಟ ಮೇಲೆ ಒಪ್ಪಿಕೊಂಡದ್ದಕ್ಕೆ ಅಷ್ಟಿಲ್ಲ.

ಬಾಕಿಗಳಿದ್ದರೆ ತಾತ್ಕಾಲಿಕ ಕ್ಲಿಯರೆನ್ಸ್ ಸಿಗದೇ ಹೋಗಬಹುದು. ಅಷ್ಟಕ್ಕೇ ಎದೆಗುಂದಬೇಡಿ, ಅಂತಿಮ ತೀರ್ಮಾನ ಬೇರೆ. ಆ ಕಾಯುವ ತಿಂಗಳುಗಳಲ್ಲಿ ಒಂದು ಕಂತೂ ತಪ್ಪಬಾರದು.

ಎಂಟನೇ ಹೆಜ್ಜೆ: ಕಾರಣಗಳ ಪತ್ರ ಬಂದರೆ

ಅನುಮಾನ ಉಳಿದರೆ 'ಸ್ಟೇಟ್‌ಮೆಂಟ್ ಆಫ್ ರೀಸನ್ಸ್' ಬರುತ್ತದೆ. ಯಾವ ಯಾವ ಸಾಲದ ಬಗ್ಗೆ ಆಕ್ಷೇಪವಿದೆ ಎಂದು ಒಂದೊಂದಾಗಿ ಅದರಲ್ಲಿ ಬರೆದಿರುತ್ತಾರೆ. ಇದು ತಿರಸ್ಕಾರವಲ್ಲ, ಉತ್ತರ ಕೊಡಲು ಕರೆ. ಗುತ್ತಿಗೆ ಕಂಪನಿಯ ನೌಕರರಿಗೆ 20 ದಿನ, ಸಮವಸ್ತ್ರದಲ್ಲಿರುವವರಿಗೆ ಪತ್ರದಲ್ಲಿ ಹೇಳಿದಷ್ಟು ದಿನ. ಬಂದ ದಿನವೇ ತಾರೀಖು ಗುರುತು ಹಾಕಿ, ಸಮಯ ಸಾಲದಿದ್ದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಿ.

ಪ್ರತಿ ಆಕ್ಷೇಪಕ್ಕೂ ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಎಂದು ಬರೆದು, ವಿವರಣೆ ಕೊಟ್ಟು, ದಾಖಲೆ ಲಗತ್ತಿಸಿ. ಜತೆಗೆ ಮಾಸಿಕ ಆದಾಯ ಖರ್ಚಿನ ಪಟ್ಟಿ, ಹೊಸ ಕ್ರೆಡಿಟ್ ರಿಪೋರ್ಟ್, ಮೇಲಧಿಕಾರಿಯ ಪತ್ರ. ನಿಮ್ಮ ಸಾಲದ ವಿಷಯ ಗೊತ್ತಿದ್ದೂ ನಿಮ್ಮನ್ನು ನಂಬುತ್ತೇನೆ ಎಂದು ಬರೆಯುವವರ ಪತ್ರಕ್ಕೆ ಹೆಚ್ಚು ತೂಕ. ಪತ್ರ ಬಂದ ಮೇಲಷ್ಟೇ ಗಡಿಬಿಡಿಯಿಂದ ಕಟ್ಟಿದ್ದಕ್ಕೆ ಅಷ್ಟು ತೂಕ ಸಿಗದು. ನಾಲ್ಕನೇ ಹೆಜ್ಜೆಯನ್ನು ನಾನು ಅಷ್ಟು ಹಿಡಿದು ಹೇಳಿದ್ದು ಇದಕ್ಕೇ.

ವಿಚಾರಣೆ ಬೇಕೆಂದು ಕೇಳುವ ಅವಕಾಶವಿದ್ದರೆ ಕೇಳಿ ಎಂಬುದು ನನ್ನ ಅಭಿಪ್ರಾಯ. ರಕ್ಷಣಾ ಇಲಾಖೆಯ ವಿಚಾರಣೆ ಮತ್ತು ಮೇಲ್ಮನವಿ ನೋಡುವ ಡೋಹಾ ಎಂಬ ಕಚೇರಿಯ ನ್ಯಾಯಾಧೀಶರ ಮುಂದೆ ನೀವೇ ಮಾತಾಡಿದಾಗ ಕಾಗದದಲ್ಲಿ ಕಾಣದ್ದು ಕಾಣುತ್ತದೆ. ಆ ಕಚೇರಿ ತನ್ನ ತೀರ್ಪುಗಳನ್ನು ಅರ್ಜಿದಾರರ ಹೆಸರು ತೆಗೆದು ಜಾಲತಾಣದಲ್ಲಿ ಹಾಕುತ್ತದೆ. ನಿಮ್ಮಂಥದೇ ಹತ್ತು ಪ್ರಕರಣ ಓದಿ, ಗೆದ್ದವರು ಏನು ಸಲ್ಲಿಸಿದರು, ಸೋತವರಿಗೆ ಯಾವ ಕಾಗದ ಇರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಈ ಹಂತದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ, ಅನುಮಾನ ಬಂದರೆ ದೇಶದ ಭದ್ರತೆಯ ಕಡೆಗೇ ವಾಲಬೇಕು ಎಂಬುದು ನಿಯಮ. 1988ರಲ್ಲಿ ಈಗನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ತೋರಿಸಿಕೊಡುವ ಹೊಣೆ ನಿಮ್ಮದೇ.

ಸಿಗದೇ ಹೋದರೂ ಸೇನೆಯ ಬಾಗಿಲು ಮುಚ್ಚುವುದಿಲ್ಲ, ಕ್ಲಿಯರೆನ್ಸ್ ಬೇಡದ ಕೆಲಸಕ್ಕೆ ಬದಲಾಯಿಸಬಹುದು. ಸಾಮಾನ್ಯವಾಗಿ ಒಂದು ವರ್ಷದ ಮೇಲೆ ಮತ್ತೆ ಪ್ರಯತ್ನಿಸಲೂಬಹುದು.

ಸಿಕ್ಕ ಮೇಲೆ

ಮೊದಲು ಐದು, ಹತ್ತು ವರ್ಷಕ್ಕೊಮ್ಮೆ ಮರುತನಿಖೆ ಇತ್ತು. ಈಗ ನಿರಂತರ ಪರಿಶೀಲನೆ, ಕ್ರೆಡಿಟ್ ದಾಖಲೆಯಲ್ಲಿ ಏನಾದರೂ ಏರುಪೇರಾದರೆ ಅಲ್ಲಿಗೆ ಸುದ್ದಿ ಹೋಗುತ್ತದೆ. ದಿವಾಳಿ ಅರ್ಜಿ ಹಾಕಿದರೆ, ಯಾವುದೇ ಬಾಕಿ 120 ದಿನ ದಾಟಿದರೆ ನೀವೇ ಭದ್ರತಾ ಅಧಿಕಾರಿಗೆ ತಿಳಿಸಬೇಕು. ಮೇಲ್ಮಟ್ಟದ ಕ್ಲಿಯರೆನ್ಸ್ ಆದ ಟಾಪ್ ಸೀಕ್ರೆಟ್ ಇರುವವರು 10,000 ಡಾಲರ್ ಅಥವಾ ಹೆಚ್ಚಿನ ಅನಿರೀಕ್ಷಿತ ಹಣ ಬಂದರೂ ತಿಳಿಸಬೇಕು. ಊರಿನ ಅಜ್ಜನ ಜಮೀನು ಮಾರಿ ನಿಮ್ಮ ಪಾಲು ಖಾತೆಗೆ ಬಿದ್ದರೆ ಅದೂ ಇದರಲ್ಲಿ ಬರುತ್ತದೆ. ವಿಭಾಗ ಪತ್ರ, ಕ್ರಯಪತ್ರ, ಬ್ಯಾಂಕಿನ ವಿವರ ಇವುಗಳ ಪ್ರತಿಯನ್ನು ದೊಡ್ಡಪ್ಪನವರಿಂದ ಆಗಲೇ ತರಿಸಿಕೊಂಡು ಅದೇ ಫೈಲಿಗೆ ಸೇರಿಸಿಡಿ.